ಸ್ಪೋರ್ಟ್ಸ್ ಕಾರಿನ ಅಪಘಾತ: ಓಡಿಸಿದವರ ಹೆಸರು ಬದಲಿಸಿ ವಿಮೆ ಕೇಳಬಹುದೇ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಐದು ದಿನಗಳ ಹಿಂದೆ ನನ್ನ ದೊಡ್ಡಪ್ಪನ ಮಗ ಮನೆಯಲ್ಲಿ ಯಾರಿಗೂ ತಿಳಿಸದೆ ದೊಡ್ಡಪ್ಪನವರ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರನ್ನು ರಾತ್ರಿ ತೆಗೆದುಕೊಂಡು ಹೋಗಿ, ಚಿತ್ರದುರ್ಗದಿಂದ ಒಬ್ಬನೇ ಹಿಂತಿರುಗುವಾಗ ಆನಗೋಡಿನ ಹತ್ತಿರ ಹೆದ್ದಾರಿಯ ಡಿವೈಡರ್‌ಗೆ ಗುದ್ದಿದ್ದಾನೆ. ಬೇರೆ ಯಾರಿಗೂ ಪೆಟ್ಟಾಗಿಲ್ಲ. ಅವನ ಹಣೆ ಮತ್ತು ಭುಜಕ್ಕೆ ಗಾಯವಾಗಿದ್ದು, ಅದೇ ರಾತ್ರಿ ಆಸ್ಪತ್ರೆಯಲ್ಲಿ ತೋರಿಸಿದ್ದೇವೆ. ಅವನಿಗೆ 19 ವರ್ಷ, ಕೈಯಲ್ಲಿರುವುದು ಎಲ್‌ಎಲ್‌ಆರ್ ಮಾತ್ರ.

ರಿಪೇರಿಯ ಅಂದಾಜು 22 ಲಕ್ಷ ರೂಪಾಯಿ ಬಂದಿದೆ. ನನಗೆ ಪಕ್ಕಾ ಲೈಸೆನ್ಸ್ ಇರುವುದರಿಂದ ನಾನೇ ಓಡಿಸುತ್ತಿದ್ದೆ, ಎಮ್ಮೆ ಅಡ್ಡ ಬಂತು ಎಂದು ಬರೆದುಕೊಡುವಂತೆ ಗ್ಯಾರೇಜಿನವರು ಹೇಳಿದರು, ಮನೆಯ ಹಿರಿಯರೂ ಒಪ್ಪಿದರು. ವಿಮಾ ಕಂಪನಿಗೆ ಫೋನಿನಲ್ಲಿ ನನ್ನ ಹೆಸರನ್ನೇ ಹೇಳಿಯಾಗಿದೆ. ಕ್ಲೇಮ್ ಫಾರಂಗೆ ಇನ್ನೂ ಸಹಿ ಮಾಡಿಲ್ಲ. ನಾಡಿದ್ದು ನಷ್ಟವನ್ನು ಅಂದಾಜು ಮಾಡುವ ವಿಮಾ ಸರ್ವೇಯರ್ ಬರುತ್ತಾರೆ. ತಂದೆಯಿಲ್ಲದ ನನ್ನನ್ನು ಓದಿಸಿದವರು ದೊಡ್ಡಪ್ಪನವರು. ಅವರಿಗೆ ಆಗುವುದಿಲ್ಲ ಎನ್ನಲು ಬಾಯಿ ಬರುತ್ತಿಲ್ಲ, ಸಹಿ ಹಾಕಲು ಮನಸ್ಸೂ ಬರುತ್ತಿಲ್ಲ. ದಯವಿಟ್ಟು ಬಲ್ಲವರು ತಿಳಿಸಿ.

ಉತ್ತರ 1 (ನಿವೃತ್ತ ಸರ್ವೇಯರ್, ಚಿತ್ರದುರ್ಗ)

ತಮ್ಮಾ, ಸಹಿ ಹಾಕಬೇಡ. ವಾಹನದ ನಷ್ಟ 50,000 ರೂಪಾಯಿ ದಾಟಿದರೆ ಪರವಾನಗಿ ಪಡೆದ ಸರ್ವೇಯರ್ ನೋಡಲೇಬೇಕೆಂಬ ನಿಯಮವಿದೆ. 22 ಲಕ್ಷದ ಕ್ಲೇಮ್ ಎಂದರೆ ಕಂಪನಿ ತನಿಖಾಧಿಕಾರಿಯನ್ನೂ ಕಳುಹಿಸುವ ಸಂಭವ ಹೆಚ್ಚು. ಅವರು ಮೊದಲು ನಿನ್ನ ಮೈಮೇಲಿನ ಗಾಯವನ್ನು ಕೇಳುತ್ತಾರೆ. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಸೀಟ್ ಬೆಲ್ಟಿನ ಗೀರು ಬಲ ಭುಜದಿಂದ ಎಡ ಸೊಂಟದ ಕಡೆಗೆ ಇಳಿದಿರುತ್ತದೆ. ಆ ಗೀರು ಹುಡುಗನ ಮೈಮೇಲಿದ್ದು, ಆಸ್ಪತ್ರೆಯ ದಾಖಲೆಯಲ್ಲಿ ಅವನ ಹೆಸರಿದ್ದು, ನಿನಗೆ ಒಂದು ತರಚು ಗಾಯವೂ ಇಲ್ಲದಿದ್ದರೆ ಮುಂದಿನ ಪ್ರಶ್ನೆಯೇ ಬೇಕಿಲ್ಲ. ಬಿಚ್ಚಿಕೊಂಡ ಏರ್‌ಬ್ಯಾಗಿನ ಬಟ್ಟೆಯ ಮೇಲೆ ರಕ್ತ, ಚರ್ಮದ ಗುರುತು ಉಳಿಯುತ್ತದೆ, ಸೀಟು ಎಷ್ಟು ಮುಂದಕ್ಕೆ ಸರಿದಿತ್ತು ಎಂಬುದು ಓಡಿಸಿದವನ ಎತ್ತರವನ್ನು ಹೇಳುತ್ತದೆ.

ಎಮ್ಮೆಯ ಕಥೆ ಇನ್ನೂ ದುರ್ಬಲ. ಇಂಥ ಅನೇಕ ಕಾರುಗಳಲ್ಲಿ ಏರ್‌ಬ್ಯಾಗನ್ನು ನಿಯಂತ್ರಿಸುವ ಘಟಕವು ಗುದ್ದುವುದಕ್ಕೆ ಮೊದಲಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ಮತ್ತು ಆಕ್ಸಿಲರೇಟರ್ ಒತ್ತಿದ ವಿವರವನ್ನು ಹಿಡಿದಿಟ್ಟುಕೊಂಡಿರುತ್ತದೆ. ಎಮ್ಮೆ ಕಂಡವನು ಬ್ರೇಕ್ ತುಳಿಯದೆ ಇರುತ್ತಾನೆಯೇ? ಜೊತೆಗೆ ಹೆಬ್ಬಾಳು ಟೋಲಿನಲ್ಲಿ ಫಾಸ್ಟ್ಯಾಗ್ ಕಾರು ದಾಟಿದ ಹೊತ್ತನ್ನು ಹೇಳಿದರೆ, ಆ ಹೊತ್ತಿಗೆ ನಿನ್ನ ಮೊಬೈಲ್ ವಿದ್ಯಾನಗರದ ಟವರ್‌ನಲ್ಲಿ ಇತ್ತೆಂಬುದೂ ಪೊಲೀಸರಿಗೆ ಸಿಗುತ್ತದೆ.

ಉತ್ತರ 2 (ಓದುಗರು, ಹರಿಹರ)

2009ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬರು ತಮ್ಮ ಬುಗಾಟಿ ವೇರಾನ್ ಕಾರನ್ನು ಉಪ್ಪುನೀರಿನ ಹಿನ್ನೀರಿಗೆ ಇಳಿಸಿ, ಹೆಜ್ಜಾರ್ಲೆ ಹಕ್ಕಿಯೊಂದು ಕೆಳಗೆ ಹಾರಿ ಬಂದಿದ್ದರಿಂದ ಗಮನ ತಪ್ಪಿತೆಂದು ಹೇಳಿದ್ದರು. ಸುಮಾರು 10 ಲಕ್ಷ ಡಾಲರಿಗೆ ಕೊಂಡ ಕಾರಿಗೆ 22 ಲಕ್ಷ ಡಾಲರ್ ವಿಮೆ ಮಾಡಿಸಲಾಗಿತ್ತು. ಆ ಸುಂದರ ಕಾರನ್ನು ಕಂಡು ಪಕ್ಕದ ವಾಹನದಲ್ಲಿದ್ದವರು ಮಾಡಿಕೊಂಡ ವಿಡಿಯೋದಲ್ಲಿ ಕಾರು ನೀರಿಗೆ ಇಳಿದದ್ದು ಕಾಣುತ್ತದೆ, ಹಕ್ಕಿ ಕಾಣುವುದಿಲ್ಲ. ಕೊನೆಗೆ ಅವರು ತಪ್ಪೊಪ್ಪಿಕೊಂಡು, 2015ರಲ್ಲಿ ಒಂದು ವರ್ಷ ಒಂದು ದಿನದ ಸೆರೆವಾಸದ ಶಿಕ್ಷೆಗೆ ಒಳಗಾದರು. ಅಪರೂಪದ ಕಾರನ್ನು ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುತ್ತಾರೆ. ಆ ರಾತ್ರಿ ಆನಗೋಡಿನಲ್ಲಿ ಕಾರಿನ ಸುತ್ತ ನಿಂತವರ ಮೊಬೈಲುಗಳಲ್ಲಿ ಏನಿದೆಯೋ ನಿಮಗೆ ತಿಳಿದಿದೆಯೇ?

ಉತ್ತರ 3 (ವಕೀಲರು, ದಾವಣಗೆರೆ)

ಎಲ್‌ಎಲ್‌ಆರ್ ಇರುವವರು ಪಕ್ಕದಲ್ಲಿ ಲೈಸೆನ್ಸ್ ಉಳ್ಳವರನ್ನು ಕೂರಿಸಿಕೊಳ್ಳದೆ ಓಡಿಸುವಂತಿಲ್ಲ. ಆದ್ದರಿಂದ ನಿಜ ಹೇಳಿದರೆ ಕಾರಿನ ರಿಪೇರಿ ಹಣ ಬರುವುದು ಕಷ್ಟವೆಂದೇ ತಿಳಿಯಿರಿ. ಆ ನೋವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಎರಡು ತೂಕಗಳನ್ನು ಪಕ್ಕದಲ್ಲಿಟ್ಟು ನೋಡಿ. ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 181ನೇ ಕಲಂ ಪ್ರಕಾರ 5,000 ರೂಪಾಯಿ ದಂಡ ಅಥವಾ ಗರಿಷ್ಠ ಮೂರು ತಿಂಗಳ ಸೆರೆ, ಇಲ್ಲವೇ ಎರಡೂ. ಸುಳ್ಳು ಹೇಳಿ ವಿಮೆಯ ಹಣ ಪಡೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಂ ಅಡಿಯಲ್ಲಿ ವಂಚನೆಯಾಗುತ್ತದೆ. ಏಳು ವರ್ಷಗಳವರೆಗೆ ಸೆರೆ ಮತ್ತು ದಂಡ ವಿಧಿಸಬಹುದು. ಹಣ ಕೈಸೇರದಿದ್ದರೂ ವಂಚನೆಯ ಯತ್ನ ಅಪರಾಧವೇ. ಹುಡುಗನ ಸಣ್ಣ ತಪ್ಪನ್ನು ಮುಚ್ಚಲು ಅವನ ತಂದೆ ಮತ್ತು ನೀವು ಇಬ್ಬರೂ ದೊಡ್ಡ ಅಪರಾಧಕ್ಕೆ ಸಿಲುಕುತ್ತೀರಿ.

ಫೋನಿನಲ್ಲಿ ಹೇಳಿದ್ದನ್ನು ಈಗಲೇ ತಿದ್ದಿ. ಕಾರಿನ ಮಾಲೀಕರಾಗಿ ದೊಡ್ಡಪ್ಪನವರೇ, ಚಾಲಕನ ಹೆಸರನ್ನು ತಪ್ಪಾಗಿ ತಿಳಿಸಲಾಗಿದೆ, ಕ್ಲೇಮ್ ಹಿಂಪಡೆಯುತ್ತೇವೆ ಎಂದು ಬರೆದು, ಸರ್ವೇಯರ್ ಬರುವ ಮೊದಲೇ ಇಮೇಲ್ ಕಳುಹಿಸಲಿ. ಕಳುಹಿಸುವ ಮುನ್ನ ಪತ್ರವನ್ನು ಒಬ್ಬ ವಕೀಲರಿಗೆ ತೋರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಈ ಉತ್ತರಗಳನ್ನು ದೊಡ್ಡಪ್ಪನವರಿಗೆ ಓದಿ ಹೇಳಿದೆ. ಬೆಲ್ಟಿನ ಗೀರಿನ ಮಾತು ಬಂದಾಗ ಅವರು ಮಗನನ್ನು ಕರೆದು ಅಂಗಿ ಸರಿಸಿ ನೋಡಿದರು. ಬಲ ಭುಜದ ಮೇಲೆ ಗೀರು ಕಪ್ಪಾಗಿ ಹಾಗೇ ಇತ್ತು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಇಂದು ಬೆಳಿಗ್ಗೆ ವಕೀಲರಿಗೆ ತೋರಿಸಿ, ಕ್ಲೇಮ್ ಹಿಂಪಡೆಯುವ ಪತ್ರವನ್ನು ದೊಡ್ಡಪ್ಪನವರೇ ಕಳುಹಿಸಿದ್ದಾರೆ. ಕಾರನ್ನು ಇದ್ದ ಸ್ಥಿತಿಯಲ್ಲೇ ಮಾರುವ ವಿಚಾರ ನಡೆದಿದೆ.