ಸಣ್ಣ ಆಸ್ಪತ್ರೆಯ ತುರ್ತು ವಿಭಾಗವನ್ನು ಅಳೆಯುವುದು ಹೇಗೆ? ಅನುಭವವಿದ್ದವರ ಉತ್ತರಗಳು

ಪ್ರಶ್ನೆ:

ನಮ್ಮ ತಂದೆಯವರಿಗೆ 72 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ 30 ಹಾಸಿಗೆಗಳ ಸಣ್ಣ ಆಸ್ಪತ್ರೆಯೊಂದಿದೆ. ಎಲ್ಲ ಸೌಲಭ್ಯಗಳಿರುವ ದೊಡ್ಡ ಆಸ್ಪತ್ರೆಗೆ ಹೋಗಲು ಒಂದೂಕಾಲು ಗಂಟೆ ಬೇಕು. ರಾತ್ರಿ ಹೊತ್ತಿನಲ್ಲಿ ಏನಾದರೂ ಆದರೆ ಮೊದಲು ಎಲ್ಲಿಗೆ ಧಾವಿಸಬೇಕು ಎಂಬ ಚರ್ಚೆ ಮನೆಯಲ್ಲಿ ಮುಗಿಯುತ್ತಿಲ್ಲ. ವೈದ್ಯಕೀಯ ತಿಳಿವಳಿಕೆ ಇಲ್ಲದ ನಮ್ಮಂಥವರು ಅಲ್ಲಿನ ತುರ್ತು ವಿಭಾಗ ನಂಬಿಕೆಗೆ ಅರ್ಹವೇ ಎಂದು ತಿಳಿಯುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:

ತಾಯಿಯವರ ಕಾಯಿಲೆಯಿಂದಾಗಿ ಆರು ವರ್ಷಗಳಲ್ಲಿ ಎರಡು ಸಣ್ಣ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಎಂಟೊಂಬತ್ತು ಸಲ ಹೋಗಿ ಬಂದಿದ್ದೇನೆ. ಮೊದಮೊದಲು ನನ್ನ ಕಣ್ಣು ಹೋಗುತ್ತಿದ್ದುದೇ ಬೇರೆ ಕಡೆಗೆ: ನೆಲ ಹೊಳೆಯುತ್ತಿದೆಯೇ, ಯಂತ್ರಗಳು ಹೊಸದಾಗಿ ಕಾಣುತ್ತಿವೆಯೇ, ಸಿಬ್ಬಂದಿ ನಗುಮುಖದಿಂದ ಮಾತನಾಡಿಸುತ್ತಾರೆಯೇ. ಈಗ ನಾನು ಗಮನಿಸುವುದು ಎರಡೇ ಸಂಗತಿಗಳನ್ನು. ರೋಗಿ ಒಳಗೆ ಬಂದ ಮೊದಲ ಹತ್ತು ನಿಮಿಷಗಳಲ್ಲಿ ಅವರು ಏನು ಮಾಡುತ್ತಾರೆ, ಮತ್ತು ತಮ್ಮ ಕೈಯಲ್ಲಿ ಆಗದ್ದು ಯಾವುದು ಎಂಬುದು ಅವರಿಗೇ ಎಷ್ಟು ಸ್ಪಷ್ಟವಾಗಿ ಗೊತ್ತಿದೆ.

ಒಂದು ರಾತ್ರಿ ತಾಯಿಗೆ ಎದೆ ಉರಿ, ಬೆವರು. ಮೊದಲ ಆಸ್ಪತ್ರೆಯಲ್ಲಿ ನಾನು ಹೆಸರು, ವಯಸ್ಸು ಬರೆಸುತ್ತಿರುವಾಗಲೇ ನರ್ಸ್ ಅವರನ್ನು ಒಳಗೆ ಮಲಗಿಸಿ ಇಸಿಜಿ ತೆಗೆದಿದ್ದರು, ಡ್ಯೂಟಿ ಡಾಕ್ಟರು ಆ ಕಾಗದವನ್ನು ದೀಪದ ಕೆಳಗೆ ಹಿಡಿದು ನೋಡುತ್ತಿದ್ದರು. ಎದೆನೋವಿನ ರೋಗಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ಹೃದ್ರೋಗ ಚಿಕಿತ್ಸೆಯ ಮಾರ್ಗಸೂಚಿಗಳಲ್ಲಿಯೇ ಇರುವ ಮಾತೆಂದು ನನಗೆ ತಿಳಿದದ್ದು ಆಮೇಲೆ. ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಆದರೂ ಅವರು ನಮ್ಮನ್ನು ಮನೆಗೆ ಬಿಡದೆ ಇನ್ನೊಮ್ಮೆ ಇಸಿಜಿ ತೆಗೆದರು, ಟ್ರೊಪೊನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಪ್ರೋಟೀನು) ಪರೀಕ್ಷೆಗೆ ರಕ್ತ ತೆಗೆದುಕೊಂಡರು, ಮೂರು ಗಂಟೆಯ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರು. ನನಗೆ ಸಿಟ್ಟು ಬಂದಿತ್ತು; ಒಂದೇ ಪರೀಕ್ಷೆಗೆ ಎರಡು ಬಾರಿ ಹಣ ಕೀಳುತ್ತಿದ್ದಾರೆ ಎಂದೇ ಭಾವಿಸಿದ್ದೆ. ಹೃದಯಾಘಾತದ ಆರಂಭದಲ್ಲಿ ಇಸಿಜಿ ಸಹಜವಾಗಿಯೇ ಕಾಣಬಹುದು, ರಕ್ತದಲ್ಲಿ ಟ್ರೊಪೊನಿನ್ ಏರುವುದಕ್ಕೆ ಕೆಲವು ಗಂಟೆಗಳು ಬೇಕಾಗಬಹುದು, ಆದ್ದರಿಂದ ಒಂದೇ ಫಲಿತಾಂಶವನ್ನು ನೆಚ್ಚಿಕೊಂಡು ಕಳುಹಿಸಲಾಗದು ಎಂದು ಡಾಕ್ಟರು ವಿವರಿಸಿದ ಮೇಲೆ ನಾನು ಸುಮ್ಮನಾದೆ.

ವರ್ಷದ ನಂತರ ಅದೇ ತೊಂದರೆಗೆ ಎರಡನೆಯ ಆಸ್ಪತ್ರೆಗೆ ಹೋದೆವು. ಬಹಳ ನಯವಾದ ಜನ. ಗ್ಯಾಸ್ಟ್ರಿಕ್ ಎಂದು ಹೇಳಿ ಒಂದು ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯಲ್ಲಿ ಕಳುಹಿಸಿಕೊಟ್ಟರು. ಇಸಿಜಿ ಯಂತ್ರ ಮಂಚದ ಪಕ್ಕದಲ್ಲೇ ಬಟ್ಟೆ ಹೊದ್ದು ನಿಂತಿತ್ತು. ಅದೃಷ್ಟಕ್ಕೆ ಅಂದು ಏನೂ ಆಗಲಿಲ್ಲ. ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ: ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ಎದೆನೋವೇ ಇಲ್ಲದೆ ಬರಿಯ ಉಬ್ಬಸ, ವಾಕರಿಕೆ, ಸುಸ್ತಿನ ರೂಪದಲ್ಲಿ ಬರಬಹುದು. ಆ ವಯಸ್ಸಿನವರ ಎದೆಯುರಿಯನ್ನು ಇಸಿಜಿ ನೋಡದೆ ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸುವ ಜಾಗದ ಬಗ್ಗೆ ನಾನು ಎರಡು ಬಾರಿ ಯೋಚಿಸುತ್ತೇನೆ.

ಎರಡನೆಯ ಉತ್ತರ:

ನಾನು ಹನ್ನೊಂದು ವರ್ಷ ಸಣ್ಣ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು. ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಕಾಯುವಿಕೆಯ ಬಗ್ಗೆ ಒಂದು ಮಾತನ್ನು ಸೇರಿಸಬೇಕು. ಬಂದವರು ಬಂದ ಸರದಿಯಲ್ಲೇ ಒಳಗೆ ಹೋಗುತ್ತಿದ್ದರೆ ಅದು ನ್ಯಾಯವೆಂದು ಕಾಣುತ್ತದೆ, ಆದರೆ ತುರ್ತು ವಿಭಾಗದ ಮಟ್ಟಿಗೆ ಅದೇ ದೋಷ. ಯಾರ ಸ್ಥಿತಿ ಗಂಭೀರವೋ ಅವರು ಮೊದಲು. ಇದನ್ನು ಟ್ರಯಾಜ್ ಎನ್ನುತ್ತಾರೆ. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಕೆಂಪು ಬಣ್ಣದ ರೋಗಿಯನ್ನು ಕೂಡಲೇ, ಕಿತ್ತಳೆಯವರನ್ನು 10 ನಿಮಿಷದೊಳಗೆ, ಹಳದಿಯವರನ್ನು 60, ಹಸಿರಿನವರನ್ನು 120, ನೀಲಿಯವರನ್ನು 240 ನಿಮಿಷದೊಳಗೆ ವೈದ್ಯರು ನೋಡಬೇಕು. ನಿಮ್ಮೂರಿನ ಸಣ್ಣ ಆಸ್ಪತ್ರೆಯಲ್ಲಿ ಬಣ್ಣಗಳ ಪಟ್ಟಿ ಇಲ್ಲದಿರಬಹುದು. ಆದರೆ ಬಂದವರೆಲ್ಲರನ್ನೂ ಯಾರಾದರೂ ಒಬ್ಬರು ಬೇಗ ನೋಡಿ ವಿಂಗಡಿಸುತ್ತಿದ್ದಾರೆಯೇ ಎಂಬುದು ಬೆಂಚಿನ ಮೇಲೆ ಕುಳಿತವರಿಗೂ ಕಾಣುತ್ತದೆ. ಕಾಲು ಉಳುಕಿದವರು ಎರಡು ಗಂಟೆ ಕಾದರೆ ಅದರಿಂದ ಆಸ್ಪತ್ರೆ ಕೆಟ್ಟದ್ದೆಂದು ಆಗುವುದಿಲ್ಲ. ಆ ಎರಡು ಗಂಟೆಯಲ್ಲಿ ಯಾರೂ ಒಮ್ಮೆಯೂ ಬಂದು ಹೇಗಿದ್ದೀರಿ ಎಂದು ಕೇಳದಿದ್ದರೆ ಆಗುತ್ತದೆ.

ಇನ್ನೊಂದು ಸಣ್ಣ ಗುರುತು ಹೇಳುತ್ತೇನೆ. ನಾಡಿ, ರಕ್ತದೊತ್ತಡ, ಆಮ್ಲಜನಕದ ಪ್ರಮಾಣ, ಇವನ್ನೆಲ್ಲ ಯಂತ್ರವೇ ತೋರಿಸುತ್ತದೆ. ಉಸಿರಾಟದ ಸಂಖ್ಯೆಯನ್ನು ಸಾಮಾನ್ಯವಾಗಿ ಮನುಷ್ಯರೇ ಎಣಿಸಬೇಕು, ಆದ್ದರಿಂದಲೇ ಎಲ್ಲರೂ ಅದನ್ನು ತಪ್ಪಿಸುತ್ತಾರೆ. ಸೋಮಾರಿತನವಿರುವ ವಾರ್ಡಿನ ಚಾರ್ಟುಗಳನ್ನು ತಿರುವಿದರೆ ಪ್ರತಿಯೊಬ್ಬ ರೋಗಿಯ ಉಸಿರೂ ನಿಮಿಷಕ್ಕೆ 18 ಅಥವಾ 20! ವಯಸ್ಕರಲ್ಲಿ 12ರಿಂದ 20 ಸಹಜವಾದ್ದರಿಂದ ಆ ಅಂಕಿ ಯಾರಿಗೂ ಅನುಮಾನ ತರುವುದಿಲ್ಲ. ಆದರೆ ರೋಗಿ ಹದಗೆಡುವಾಗ ಅನೇಕ ವೇಳೆ ಮೊದಲು ಬದಲಾಗುವುದು ಉಸಿರೇ. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ರೋಗಿಯ ಮಣಿಕಟ್ಟನ್ನು ಹಿಡಿದು ನಾಡಿ ನೋಡುವವರಂತೆ ನಿಂತು, ಎದೆ ಏರಿಳಿಯುವುದನ್ನು ಗಡಿಯಾರ ನೋಡುತ್ತಾ ಇಡೀ ಒಂದು ನಿಮಿಷ ಎಣಿಸುತ್ತಿದ್ದರು. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ಹಾಗೆ ಸುಮ್ಮನೆ ನಿಂತಿರುವ ನರ್ಸ್ ನಿಮ್ಮ ಕಣ್ಣಿಗೆ ಬಿದ್ದರೆ, ಕೆಲಸವಿಲ್ಲದೆ ನಿಂತಿದ್ದಾರೆಂದು ತಿಳಿಯಬೇಡಿ.

ತಂದೆಯವರು ಚೆನ್ನಾಗಿರುವಾಗಲೇ, ಹಗಲು ಹೊತ್ತಿನಲ್ಲಿ ಒಮ್ಮೆ ಹೋಗಿ ವಿಚಾರಿಸಿಕೊಂಡು ಬನ್ನಿ. ರಾತ್ರಿ ಡಾಕ್ಟರು ಆಸ್ಪತ್ರೆಯೊಳಗೆ ಇರುತ್ತಾರೆಯೇ, ಅಥವಾ ಫೋನು ಮಾಡಿದರೆ ಮನೆಯಿಂದ ಬರುತ್ತಾರೆಯೇ? ಲ್ಯಾಬ್ ರಾತ್ರಿಯೂ ನಡೆಯುತ್ತದೆಯೇ? ಸಿಟಿ ಸ್ಕ್ಯಾನ್ ಇದೆಯೇ? ಹೃದಯಾಘಾತಕ್ಕೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸ್ಟಾಕಿನಲ್ಲಿ ಇಟ್ಟಿರುತ್ತಾರೆಯೇ? ಈ ಕೊನೆಯ ಪ್ರಶ್ನೆ ನಿಮ್ಮ ಮಟ್ಟಿಗೆ ಬಹಳ ಮುಖ್ಯ. ದೊಡ್ಡ ಹೃದಯಾಘಾತದಲ್ಲಿ ಮುಚ್ಚಿದ ರಕ್ತನಾಳವನ್ನು ಆಂಜಿಯೋಪ್ಲಾಸ್ಟಿಯಿಂದ ತೆರೆಯುವುದೇ ಉತ್ತಮ, ಆದರೆ ಅದು ಸುಮಾರು 120 ನಿಮಿಷದೊಳಗೆ ಆಗುವ ಹಾಗಿಲ್ಲದಿದ್ದರೆ ಮತ್ತು ರಕ್ತಸ್ರಾವದ ಅಪಾಯದಂಥ ಅಡ್ಡಿಗಳಿಲ್ಲದಿದ್ದರೆ ಹೆಪ್ಪು ಕರಗಿಸುವ ಔಷಧವನ್ನು ಇರುವಲ್ಲೇ ಕೊಟ್ಟು ಆಮೇಲೆ ಕಳುಹಿಸಬೇಕು. ಒಂದೂಕಾಲು ಗಂಟೆಯ ದಾರಿ, ಅದರ ಜೊತೆಗೆ ಆಂಬುಲೆನ್ಸ್ ಹೊರಡುವ ಹೊತ್ತು, ಅಲ್ಲಿ ಇಳಿಸಿಕೊಳ್ಳುವ ಹೊತ್ತು ಎಂದು ಲೆಕ್ಕ ಹಾಕಿದರೆ ನೀವು ಸರಿಯಾಗಿ ಗಡಿಯಲ್ಲಿದ್ದೀರಿ.

ಅಲ್ಲಿರುವ ತುರ್ತು ಔಷಧಗಳ ಟ್ರಾಲಿಯನ್ನೂ ಸಾಧ್ಯವಾದರೆ ದೂರದಿಂದ ನೋಡಿ. ಅದಕ್ಕೆ ಸೀಲು ಹಾಕಿ, ದಿನವೂ ಪರಿಶೀಲಿಸಿ ಸಹಿ ಮಾಡಿದ ಹಾಳೆ ನೇತುಹಾಕಿದ್ದರೆ ಒಳ್ಳೆಯ ಲಕ್ಷಣ. ಅದರ ಮೇಲೆ ಹಳೆಯ ಫೈಲುಗಳ ರಾಶಿ ಬಿದ್ದಿದ್ದರೆ ನಾನು ಹೇಳುವುದೇನೂ ಉಳಿದಿಲ್ಲ.

ಮೂರನೆಯ ಉತ್ತರ:

ನನ್ನದು ಕಹಿ ಅನುಭವ. ನನ್ನ ದೊಡ್ಡಪ್ಪನವರಿಗೆ ಬೆಳಿಗ್ಗೆ ಆರೂವರೆಗೆ ಬಾಯಿ ಸೊಟ್ಟಗಾಗಿ, ಬಲಗೈ ಬಿದ್ದುಹೋಯಿತು. ಏಳಕ್ಕೆ ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿದ್ದೆವು. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಇಲ್ಲವೆಂದು ಆಗಲೇ ಹೇಳಿದ್ದರೆ ನಾವು ಹೊರಟುಬಿಡುತ್ತಿದ್ದೆವು. ಅವರು ಡ್ರಿಪ್ ಹಾಕಿದರು, ರಕ್ತಪರೀಕ್ಷೆಗಳನ್ನು ಬರೆದರು, ಹಿರಿಯ ವೈದ್ಯರು ಹತ್ತಕ್ಕೆ ಬಂದು ನೋಡುತ್ತಾರೆಂದರು. ಮೆದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಔಷಧವನ್ನು ಲಕ್ಷಣಗಳು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ರಕ್ತಸ್ರಾವವಲ್ಲ ಎಂದು ಸ್ಕ್ಯಾನಿನಲ್ಲಿ ಖಚಿತಪಡಿಸಿಕೊಳ್ಳಬೇಕು. ನಾವು ದೊಡ್ಡ ಆಸ್ಪತ್ರೆಯನ್ನು ಮುಟ್ಟಿದಾಗ ಹನ್ನೊಂದೂವರೆ ದಾಟಿತ್ತು. ಲಕ್ಷಣಗಳು ಯಾವಾಗ ಶುರುವಾದವು ಎಂದು ಅಲ್ಲಿನವರು ಮೊದಲು ಕೇಳಿದರು. ನಮ್ಮ ಕೈಯಲ್ಲಿದ್ದ ರೆಫರಲ್ ಚೀಟಿಯಲ್ಲಿ ಆ ಸಮಯವೇ ಬರೆದಿರಲಿಲ್ಲ, 'ಹೆಚ್ಚಿನ ಚಿಕಿತ್ಸೆಗಾಗಿ' ಎಂಬ ಎರಡು ಪದಗಳಷ್ಟೇ ಇದ್ದವು.

ಸೌಲಭ್ಯ ಇಲ್ಲದಿರುವುದು ಸಣ್ಣ ಆಸ್ಪತ್ರೆಯ ತಪ್ಪಲ್ಲ. ಇಲ್ಲ ಎಂಬ ಮಾತನ್ನು ಮೂರು ಗಂಟೆ ತಡವಾಗಿ ಹೇಳಿದ್ದು ತಪ್ಪು. ಆದ್ದರಿಂದ ನೀವು ವಿಚಾರಿಸಲು ಹೋದಾಗ, ನಿಮ್ಮಲ್ಲಿ ಏನೇನಿದೆ ಎಂದು ಕೇಳಿದ ಮೇಲೆ, ಪಾರ್ಶ್ವವಾಯು ಬಂದವರನ್ನು ಎಲ್ಲಿಗೆ ಕಳುಹಿಸುತ್ತೀರಿ, ಕಳುಹಿಸುವ ಮುನ್ನ ಅಲ್ಲಿಗೆ ಫೋನು ಮಾಡುತ್ತೀರಾ, ಆಂಬುಲೆನ್ಸಿನಲ್ಲಿ ರೋಗಿಯ ಜೊತೆ ಯಾರು ಬರುತ್ತಾರೆ ಎಂದು ಕೇಳಿ. ಉತ್ತರ ಥಟ್ಟನೆ ಬಂದರೆ ಅವರು ಇದನ್ನು ಮೊದಲೂ ಮಾಡಿದ್ದಾರೆ ಎಂದು ಅರ್ಥ. 'ಎಲ್ಲವನ್ನೂ ಇಲ್ಲೇ ನೋಡುತ್ತೇವೆ' ಎಂಬ ಉತ್ತರ ಬಂದರೆ ನನಗಂತೂ ಭಯವಾಗುತ್ತದೆ.

ಇಷ್ಟು ಹೇಳಿದ ಮೇಲೂ, ಅದೇ ಆಸ್ಪತ್ರೆಯಲ್ಲಿ ನನ್ನ ಮಗನ ಹಣೆಯ ಗಾಯಕ್ಕೆ ಬಹಳ ಚೆನ್ನಾಗಿ ಹೊಲಿಗೆ ಹಾಕಿದ್ದರು ಎಂಬುದನ್ನೂ ಹೇಳಲೇಬೇಕು. ಒಂದು ಕೆಲಸದಲ್ಲಿ ಪಳಗಿದವರು ಇನ್ನೊಂದರಲ್ಲಿ ಎಡವಬಹುದು. ನಕ್ಷತ್ರಗಳ ರೇಟಿಂಗ್ ನೋಡಿ ನಿರ್ಧರಿಸಬಾರದು ಎನ್ನುವುದು ಇದಕ್ಕೇ. ಅಲ್ಲಿ ಅರ್ಧ ಜನ ಪಾರ್ಕಿಂಗ್ ಬಗ್ಗೆ ಬರೆದಿರುತ್ತಾರೆ.

ಮೊದಲು ಉತ್ತರಿಸಿದವರ ಸೇರ್ಪಡೆ:

ಮನೆಗೆ ಕಳುಹಿಸುವಾಗಿನ ಮಾತು ಬಿಟ್ಟುಹೋಯಿತು. ಒಳ್ಳೆಯ ಕಡೆ ಮಾತ್ರೆಯ ಚೀಟಿಯ ಜೊತೆಗೆ, ಯಾವ ಲಕ್ಷಣ ಕಂಡರೆ ಕಾಯದೆ ಮರಳಿ ಬರಬೇಕು ಎಂದು ಹೇಳುತ್ತಾರೆ. ಇನ್ನೂ ಒಳ್ಳೆಯ ಕಡೆ ಅದನ್ನು ನಮ್ಮ ಬಾಯಿಂದಲೇ ಒಮ್ಮೆ ಹೇಳಿಸುತ್ತಾರೆ. ಹೇಳದಿದ್ದರೆ ನೀವೇ ಕೇಳಿ.

ನಿಮ್ಮ ಕಡೆಯಿಂದ ಆಗಬೇಕಾದ್ದೂ ಒಂದಿದೆ. ತಂದೆಯವರು ಈಗ ಸೇವಿಸುತ್ತಿರುವ ಔಷಧಗಳ ಪಟ್ಟಿ, ಯಾವ ಔಷಧ ಅವರಿಗೆ ಒಗ್ಗುವುದಿಲ್ಲ ಎಂಬ ಟಿಪ್ಪಣಿ, ಮತ್ತು ಅವರು ಆರೋಗ್ಯವಾಗಿದ್ದಾಗ ತೆಗೆಸಿದ ಒಂದು ಇಸಿಜಿ, ಇವನ್ನು ಲಕೋಟೆಯಲ್ಲಿಟ್ಟು ಬಾಗಿಲ ಬಳಿ ಇರಿಸಿ. ಹೊಸ ಇಸಿಜಿಯಲ್ಲಿ ಕಾಣುವ ವ್ಯತ್ಯಾಸ ಇಂದಿನದೋ, ಹಳೆಯದೋ ಎಂದು ತಿಳಿಯಲು ಡಾಕ್ಟರಿಗೆ ಆ ಹಳೆಯ ಕಾಗದದಷ್ಟು ನೆರವಾಗುವುದು ಬೇರೊಂದಿಲ್ಲ. ಇಸಿಜಿಯ ಕಾಗದ ಶಾಖಕ್ಕೆ, ಬೆಳಕಿಗೆ ಮಾಸಿಹೋಗುತ್ತದೆ. ಆದ್ದರಿಂದ ಮೊದಲು ಅದರ ಜೆರಾಕ್ಸ್ ಮಾಡಿಸಿಕೊಳ್ಳಿ.