ಹಳೆ ಫ್ಲಾಟ್ ರಿಪೇರಿ ಮಾಡಿಸಿ ಬಾಡಿಗೆಗೆ ಕೊಡಬೇಕು, ಕೈಯಲ್ಲಿರುವುದು ಸ್ವಲ್ಪವೇ ದುಡ್ಡು: ಯಾವುದು ಮೊದಲು, ಯಾವುದನ್ನು ಮುಟ್ಟಬಾರದು?

ಮೂರನೇಮಹಡಿ (ಪ್ರಶ್ನೆ):

ಅಪ್ಪ ಅಮ್ಮ ಇದ್ದ ಫ್ಲಾಟ್ ಈಗ ಖಾಲಿ. ಎರಡು ಬೆಡ್‌ರೂಮ್, ಒಂದು ಬಾತ್‌ರೂಮ್, ಒಟ್ಟು 70 ಚದರ ಮೀಟರ್ ಹತ್ತಿರ. ಕಟ್ಟಿ 35 ವರ್ಷ ದಾಟಿದೆ, ಮೇಲೊಂದು ಮಹಡಿ ಇದೆ. ಮೂವರು ಒಡಹುಟ್ಟಿದವರ ಹೆಸರಲ್ಲಿದೆ. ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತೇವೆ. ಎಲ್ಲ ಒಡೆದು ಹೊಸದಾಗಿ ಮಾಡಿಸುವಷ್ಟು ದುಡ್ಡಿಲ್ಲ.

ಈಗಿನ ಸ್ಥಿತಿ ಹೀಗಿದೆ. ಬಾತ್‌ರೂಮಿಗೆ ಹೊಂದಿಕೊಂಡ ಬೆಡ್‌ರೂಮ್ ಗೋಡೆಯಲ್ಲಿ ನೆಲದಿಂದ ಎರಡಡಿವರೆಗೆ ಬಣ್ಣ ಉಬ್ಬಿ ಉದುರುತ್ತಿದೆ, ಸವರಿದರೆ ಬಿಳಿ ಪುಡಿ ಕೈಗೆ ಅಂಟುತ್ತದೆ. ಬಾತ್‌ರೂಮಿನ ಸೀಲಿಂಗಿನಲ್ಲಿ ಅಂಗೈಯಗಲ ಪ್ಲಾಸ್ಟರ್ ಬಿದ್ದು ತುಕ್ಕು ಹಿಡಿದ ಕಂಬಿ ಕಾಣುತ್ತಿದೆ. ಪೈಪುಗಳೆಲ್ಲ ಹಳೆ ಜಿಐ (ಸತು ಲೇಪಿಸಿದ ಕಬ್ಬಿಣ), ಬೆಳಿಗ್ಗೆ ಮೊದಲು ಬರುವ ನೀರು ಕೆಂಪು. ವಿದ್ಯುತ್ತಿಗೆ ಪಿಂಗಾಣಿ ಫ್ಯೂಸು, ಹೆಚ್ಚಿನ ಕಡೆ ಎರಡು ಪಿನ್ನಿನ ಸಾಕೆಟ್ಟು. ನೆಲ ಮೊಸಾಯಿಕ್, ಹೊಳಪಿಲ್ಲ, ಅಲ್ಲಲ್ಲಿ ಸಣ್ಣ ಗುಳಿ. ಅಡುಗೆಮನೆಯಲ್ಲಿ ಸಿಂಕಿನ ಕೆಳಗಿನ ಹಲಗೆ ಉಬ್ಬಿದೆ, ಉಳಿದ ಕಪಾಟು ಗಟ್ಟಿಯಾಗಿಯೇ ಇವೆ.

ಗುತ್ತಿಗೆದಾರರ ಸಲಹೆ: ಗೋಡೆಗೆ ಎರಡು ಕೋಟ್ ಪುಟ್ಟಿ ಎಳೆದು ವಾಟರ್‌ಪ್ರೂಫ್ ಪೇಂಟ್, ಮೊಸಾಯಿಕ್ ಮೇಲೆಯೇ ಟೈಲ್ಸ್, ಅಡುಗೆಮನೆ ಪೂರ್ತಿ ಹೊಸದು. ಒಪ್ಪಬಹುದೇ?

ತೇವದ_ಜಾಡು:

ಮೂರಕ್ಕೂ ಸದ್ಯಕ್ಕೆ ಬೇಡ ಅನ್ನಿ. ಪುಟ್ಟಿಯ ಸಲಹೆಗಂತೂ ಖಂಡಿತ ಬೇಡ.

ಕೈಗೆ ಅಂಟುವ ಬಿಳಿ ಪುಡಿ ಉಪ್ಪು. ಇಟ್ಟಿಗೆ, ಗಾರೆಯೊಳಗಿನ ಉಪ್ಪನ್ನು ನೀರು ಕರಗಿಸಿ ಹೊರಮೈಗೆ ತರುತ್ತದೆ. ನೀರು ಆರುತ್ತದೆ, ಉಪ್ಪು ಹರಳುಗಟ್ಟಿ ಬಣ್ಣವನ್ನು ಹಿಂದಿನಿಂದ ತಳ್ಳುತ್ತದೆ. ಅದರ ಮೇಲೆ ಪುಟ್ಟಿ ಎಳೆದರೆ ಪುಟ್ಟಿಯೂ ಉದುರುತ್ತದೆ. ಒಳಗಡೆಯಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಆರುವ ದಾರಿ ಮುಚ್ಚಿ, ತೇವ ಎರಡಡಿ ಇದ್ದದ್ದು ಇನ್ನೂ ಮೇಲಕ್ಕೆ ಏರುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಇದಕ್ಕೆ ಖರ್ಚೇ ಇಲ್ಲ. ಉದುರುವ ಬಣ್ಣ ಕೆರೆದು, ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 48 ಗಂಟೆ ಬಿಡಿ. ಹನಿ ಹಾಳೆಯ ಹಿಂದೆ ಇದ್ದರೆ ಗೋಡೆಯ ತೇವ, ಕೋಣೆಯ ಕಡೆ ಇದ್ದರೆ ಗಾಳಿಯ ತೇವ. ಆಮೇಲೆ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ರೀಡಿಂಗ್ ಬರೆದುಕೊಂಡು ಎರಡು ಗಂಟೆ ಬಿಟ್ಟು ನೋಡಿ. ಮೀಟರ್ ಓಡಿದ್ದರೆ ಒತ್ತಡದ ಪೈಪು ಸೋರುತ್ತಿದೆ. ಓಡದಿದ್ದರೆ ನೆಲ ಇಲ್ಲವೇ ಹೊರಹೋಗುವ ಪೈಪು. ಆಗ ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಜಾಲರಿಯ ಕೆಳಗಿನ ಬಟ್ಟಲು) ಬಾಯಿ ಬಿಗಿಯಾಗಿ ಮುಚ್ಚಿ, ಬಾತ್‌ರೂಮ್ ನೆಲದಲ್ಲಿ 25 ಮಿ.ಮೀ. ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಿ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿರಿ.

ಸೀಲಿಂಗಿನ ಕಂಬಿಯ ಮೂಲ ಮೇಲಿನ ಮನೆಯ ಬಾತ್‌ರೂಮೇ ಇರಬೇಕು. ಅವರ ಸೋರಿಕೆ ನಿಲ್ಲದೆ ನಿಮ್ಮ ರಿಪೇರಿ ನಿಲ್ಲದು, ಆ ಮಾತುಕತೆ ಇವತ್ತೇ ಶುರುವಾಗಲಿ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುತ್ತದೆ, ಕಾಂಕ್ರೀಟನ್ನು ಒಡೆಯುವುದು ಅದೇ. ಬರೀ ಸಿಮೆಂಟ್ ಮೆತ್ತಿದರೆ ಮತ್ತೆ ಬೀಳುತ್ತದೆ. ಸುತ್ತಲೂ ಸುತ್ತಿಗೆಯಿಂದ ತಟ್ಟಿ ಟೊಳ್ಳು ಸದ್ದು ಬರುವಷ್ಟನ್ನೂ ಕೆಡವಬೇಕು. ಕಂಬಿಯ ಹಿಂಬದಿಗೂ ಬೆರಳು ಹೋಗುವಷ್ಟು ಬಿಡಿಸಿ, ತಂತಿ ಬ್ರಷ್ಷಿನಿಂದ ಲೋಹ ಕಾಣುವ ತನಕ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಸೇರಿಸಿದ ಗಾರೆಯನ್ನು ತೆಳು ಪದರಗಳಲ್ಲಿ ತುಂಬಬೇಕು. ಕಂಬಿ ಕಣ್ಣಿಗೆ ಕಾಣುವಷ್ಟು ಸವೆದಿದ್ದರೆ ಮೇಸ್ತ್ರಿಯನ್ನು ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಇಲ್ಲಿ ಉಳಿತಾಯದ ಲೆಕ್ಕ ಬೇಡ.

ಫೇಸ್_ನ್ಯೂಟ್ರಲ್:

ವೈರಿಂಗ್ ಬಗ್ಗೆ. ಅಷ್ಟು ಹಳೆಯ ವೈರನ್ನು ಉಳಿಸಿಕೊಳ್ಳುವ ಯೋಚನೆ ಬೇಡ. ಒಂದು ಸ್ವಿಚ್ ಬೋರ್ಡ್ ಬಿಚ್ಚಿಸಿ ವೈರನ್ನು ಬಗ್ಗಿಸಿ ನೋಡಿ. ಹೊದಿಕೆ ಚೂರುಚೂರಾದರೆ, ಅಥವಾ ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ಇದ್ದರೆ, ಪೂರ್ತಿ ಬದಲಿಸಬೇಕು. ಅಲ್ಯೂಮಿನಿಯಂಗೆ ತಾಮ್ರ ಸುತ್ತಿ ಟೇಪ್ ಹಾಕಿದ ಜಾಯಿಂಟ್ ಕಾಲಕ್ರಮೇಣ ಸಡಿಲವಾಗಿ ಬಿಸಿಯಾಗುತ್ತದೆ, ಬೆಂಕಿ ಅಲ್ಲಿಂದಲೇ ಶುರು.

ಕಡಿಮೆ ಖರ್ಚಿನ ದಾರಿಯೂ ಇದೆ. ಗೋಡೆಯೊಳಗಿನ ಹಳೆ ಪೈಪು ತೆರವಾಗಿದ್ದರೆ ಹಳೆ ವೈರಿಗೇ ಹೊಸದನ್ನು ಕಟ್ಟಿ ಎಳೆಯಬಹುದು. ಪೈಪು ಕಟ್ಟಿಕೊಂಡಿರುವ ಕಡೆ ಗೋಡೆ ಕೊರೆಯದೆ ಕೇಸಿಂಗ್-ಕ್ಯಾಪಿಂಗ್ (ಗೋಡೆಯ ಮೇಲೆ ಕೂರುವ ಮುಚ್ಚಳದ ಪ್ಲಾಸ್ಟಿಕ್ ಪಟ್ಟಿ) ಓಡಿಸಿ. ಬಾಡಿಗೆ ಮನೆಗೆ ಅದೇನೂ ಕೊರತೆಯಲ್ಲ.

ತಾಮ್ರದ ಅಳತೆ: ದೀಪ, ಫ್ಯಾನಿಗೆ 1.5 ಚದರ ಮಿ.ಮೀ., 10 ಆಂಪ್ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್). ಸಾಕೆಟ್ಟುಗಳಿಗೆ 2.5 ಚದರ ಮಿ.ಮೀ., 16 ಆಂಪ್. ಗೀಸರ್, ಎಸಿಗೆ ತಲಾ ಪ್ರತ್ಯೇಕ 4 ಚದರ ಮಿ.ಮೀ., 20 ಆಂಪ್. 3 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 13 ಆಂಪ್ ಎಳೆಯುತ್ತದೆ, ಅದನ್ನು ದೀಪದ ಲೈನಿಗೆ ಸೇರಿಸುವ ಬುದ್ಧಿವಂತರೂ ಇದ್ದಾರೆ. ಅಡುಗೆಮನೆ ಸಾಕೆಟ್ಟುಗಳಿಗೆ ಬೇರೆಯೇ ಲೈನ್. ಇಷ್ಟರ ಮುಂದೆ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರಲೇಬೇಕು. ಅದು ಮನುಷ್ಯರನ್ನು ಕಾಯುತ್ತದೆ, ಓವರ್‌ಲೋಡ್ ತಡೆಯುವುದಿಲ್ಲ. ಹಾಗಾಗಿ ಎಂಸಿಬಿಗೆ ಬದಲಿ ಅಲ್ಲ.

ಎರಡು ಪಿನ್ ತೆಗೆದು ಮೂರು ಪಿನ್ ಕೂರಿಸುವಾಗ ನೀವೇ ನಿಂತು ನೋಡಿ. ಅರ್ತ್ ವೈರ್ ಎಳೆಯುವ ಶ್ರಮ ತಪ್ಪಿಸಲು ಕೆಲವರು ಅರ್ತ್ ಪಿನ್ನನ್ನು ಸಾಕೆಟ್ಟಿನೊಳಗೇ ನ್ಯೂಟ್ರಲ್‌ಗೆ ಸೇರಿಸಿಬಿಡುತ್ತಾರೆ. ಟೆಸ್ಟ್ ಮಾಡಿದರೆ ಎಲ್ಲ ಸರಿ ಕಾಣುತ್ತದೆ. ಮುಂದೊಂದು ದಿನ ನ್ಯೂಟ್ರಲ್ ಕಡಿದರೆ ವಾಷಿಂಗ್ ಮಷೀನಿನ ಮೈಗೇ ಕರೆಂಟ್. ಆರ್‌ಸಿಸಿಬಿ ಹಾಕಿದ ದಿನವೇ ಸುಮ್ಮಸುಮ್ಮನೆ ಬೀಳತೊಡಗಿದರೆ ಆರ್‌ಸಿಸಿಬಿಯನ್ನು ದೂರಬೇಡಿ. ಒಂದು ಲೈನಿನ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿರುತ್ತದೆ, ಇಲ್ಲವೇ ಇಂಥ ಅಡ್ಡದಾರಿಯ ಅರ್ತ್ ಎಲ್ಲೋ ಉಳಿದಿರುತ್ತದೆ. ಪ್ಲೇಟ್ ಮುಚ್ಚುವ ಮೊದಲು, ವೈರಿನ ಹೊದಿಕೆಯ ತಡೆ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ಪ್ರತಿ ಲೈನ್ ನೋಡಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನನ್ನು ಒಪ್ಪಬೇಡಿ.

ಗಾರೆ_ನೆಲ:

ಮೊಸಾಯಿಕ್ ಮುಚ್ಚಬೇಡಿ. ಇಡೀ ಮನೆಯಲ್ಲಿ ಕಡಿಮೆ ಖರ್ಚಿಗೆ ಹೊಸದಾಗಿ ಕಾಣುವುದು ಅದೊಂದೇ. ಅದರ ಮೇಲೆ ಟೈಲ್ಸ್ ಎಂದರೆ ಗಮ್ಮು ಸೇರಿ ಚದರ ಮೀಟರಿಗೆ 25ರಿಂದ 30 ಕೆಜಿ, 60 ಚದರ ಮೀಟರಿಗೆ ಒಂದೂವರೆ ಟನ್ ಮೀರುವ ಭಾರ. ನೆಲ 15 ಮಿ.ಮೀ. ಏರುತ್ತದೆ, ಎಲ್ಲ ಬಾಗಿಲುಗಳ ಕೆಳಗೆ ಕೊಯ್ಯಬೇಕು. ವಿಟ್ರಿಫೈಡ್ ಟೈಲ್ ನೀರು ಹೀರುವುದೇ ಇಲ್ಲ ಅನ್ನಬಹುದು, ಹಾಗಾಗಿ ನಯವಾದ ಹಳೆ ನೆಲದ ಮೇಲೆ ಬರೀ ಸಿಮೆಂಟ್ ಹಾಲಿನಲ್ಲಿ ಕೂರಿಸಿದರೆ ಹಿಡಿಯುವುದಿಲ್ಲ, ವರ್ಷದೊಳಗೆ ಟೊಳ್ಳು ಸದ್ದು.

ಪಾಲಿಶ್ ಕ್ರಮ: 60 ಅಥವಾ 80 ನಂಬರಿನ ಕಲ್ಲಿನಿಂದ ಮೊದಲ ಕಟಿಂಗ್. ಗುಳಿಗಳಿಗೆ ಬಿಳಿ ಸಿಮೆಂಟಿನಲ್ಲಿ ನೆಲದ ಬಣ್ಣ ಬೆರೆಸಿ ತುಂಬಿ, ಎರಡು ಮೂರು ದಿನ ಒದ್ದೆಯಾಗಿಡಿ. ಆಮೇಲೆ 120, 220, 400. ಕೊನೆಗೆ ಸೀಲರ್. ಬಣ್ಣವನ್ನು ಮೊದಲೇ ಮೂಲೆಯಲ್ಲಿ ಒಂದು ಅಂಗೈಯಷ್ಟು ಜಾಗದಲ್ಲಿ ಪರೀಕ್ಷಿಸಿ, ಒಣಗಿದ ಮೇಲೆ ತಿಳಿಯಾಗುತ್ತದೆ. ಪಾಲಿಶ್ ಮಾಡುವಾಗ ಬರುವ ಬಿಳಿ ಕೆಸರನ್ನು ನಹಾನಿ ಟ್ರ್ಯಾಪಿಗೆ ತಳ್ಳಲು ಬಿಡಬೇಡಿ. ಬಕೆಟ್ಟಿನಲ್ಲಿ ತುಂಬಿ ಹೊರಗೆ ಹಾಕಿಸಿ, ಪೈಪಿನೊಳಗೆ ಅದು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಕೆಸರು ಗೋಡೆಗೂ ಒಂದಡಿ ಸಿಡಿಯುವುದರಿಂದ ಬಣ್ಣದ ಕೊನೆಯ ಕೋಟ್ ಪಾಲಿಶ್ ಆದಮೇಲೆ.

ಬಣ್ಣಕ್ಕೆ ಬರುತ್ತೇನೆ. ಹಳೆಯದು ಎಣ್ಣೆ ಬಣ್ಣವೋ ಅಲ್ಲವೋ ತಿಳಿಯಲು ಸ್ಪಿರಿಟ್ ಅದ್ದಿದ ಹತ್ತಿಯಿಂದ ಉಜ್ಜಿ. ಬಣ್ಣ ಹತ್ತಿಗೆ ಬಂದರೆ ಎಮಲ್ಷನ್, ಬರದಿದ್ದರೆ ಎಣ್ಣೆಯದು. ಎಣ್ಣೆ ಬಣ್ಣದ ಮೇಲೆ ನೇರ ಎಮಲ್ಷನ್ ಹೊಡೆದರೆ ಹಾಳೆಯಂತೆ ಸುಲಿದು ಬರುತ್ತದೆ. ಹೊಳಪು ಹೋಗುವಂತೆ 180 ನಂಬರ್ ಕಾಗದದಲ್ಲಿ ಉಜ್ಜಿ ಬಾಂಡಿಂಗ್ ಪ್ರೈಮರ್ ಹಾಕಬೇಕು. ಅಷ್ಟು ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಬೇಡಿ, ನೀರು ಚಿಮುಕಿಸಿಕೊಂಡೇ ಉಜ್ಜಿಸಿ. ಸುಣ್ಣ ಅಥವಾ ಡಿಸ್ಟೆಂಪರ್ ಇದ್ದರೆ ಪೂರ್ತಿ ಕೆರೆಯದೆ ಬೇರೆ ದಾರಿಯಿಲ್ಲ. ಗೋಡೆ, ಸೀಲಿಂಗ್ ಸೇರಿ ನೆಲದ ಅಳತೆಯ ಮೂರೂಕಾಲು ಪಟ್ಟು ಎಂದುಕೊಳ್ಳಿ, ನಿಮಗೆ 230 ಚದರ ಮೀಟರ್. ಲೀಟರಿಗೆ ಒಂದು ಕೋಟ್ 10ರಿಂದ 12 ಚದರ ಮೀಟರ್ ಬರುತ್ತದೆ, ಎರಡು ಕೋಟಿಗೆ 40ರಿಂದ 45 ಲೀಟರ್. ಎಲ್ಲ ಕೋಣೆಗೂ ಒಂದೇ ತಿಳಿ ಬಣ್ಣ, ಒಂದೇ ಶೇಡ್ ನಂಬರ್. ಮುಂದಿನ ಬಾಡಿಗೆದಾರರು ಬರುವಾಗ ಒಂದೆರಡು ಗೋಡೆ ಮಾತ್ರ ಹೊಡೆಸಿದರೂ ಹೊಂದಿಕೊಳ್ಳುತ್ತದೆ.

ಅಡುಗೆಮನೆಯಲ್ಲಿ ಉಬ್ಬಿದ ಪೆಟ್ಟಿಗೆ ಒಂದನ್ನು ತೆಗೆಸಿ. ಅಲ್ಲಿ ಮತ್ತೆ ಪಾರ್ಟಿಕಲ್ ಬೋರ್ಡ್ ಬೇಡ. ಅಂಚು ಮುಚ್ಚಿದ ವಾಟರ್‌ಪ್ರೂಫ್ ಪ್ಲೈ, ನೆಲದಿಂದ 100 ಮಿ.ಮೀ. ಕಾಲುಗಳ ಮೇಲೆ. ಅದಕ್ಕೂ ಸಾಲದಿದ್ದರೆ ಸಿಂಕಿನ ಕೆಳಗೆ ತೆರೆದೇ ಬಿಡಿ, ಸೋರಿದರೆ ಆ ದಿನವೇ ಕಾಣುತ್ತದೆ. ಉಳಿದ ಕಪಾಟುಗಳಿಗೆ ಹಿಂಜ್, ಹಿಡಿ ಬದಲಿಸಿದರೆ ಸಾಕು. ಸ್ಕ್ರೂ ತೂತು ದೊಡ್ಡದಾಗಿದ್ದರೆ ಮರದ ಕಡ್ಡಿಗೆ ಗಮ್ಮು ಹಚ್ಚಿ ಬಡಿದು, ಒಣಗಿದ ಮೇಲೆ ಮತ್ತೆ ಸ್ಕ್ರೂ ಹಾಕಿಸಿ.

ಮೂರನೇಮಹಡಿ:

ಎಲ್ಲರಿಗೂ ಧನ್ಯವಾದ. ಹಾಳೆ ಅಂಟಿಸಿದ್ದೆ, ಹನಿ ಹಿಂಬದಿಯಲ್ಲೇ ಇದೆ. ಮೀಟರ್ ಎರಡು ಗಂಟೆಯಲ್ಲಿ ಅಲುಗಿಲ್ಲ. ಟ್ರ್ಯಾಪ್ ಮುಚ್ಚಿ ನಿಲ್ಲಿಸಿದ ನೀರು 24 ಗಂಟೆಯಲ್ಲಿ 2 ಮಿ.ಮೀ. ಇಳಿದಿತ್ತು ಅಷ್ಟೇ. ಹಾಗಾದರೆ ಬಾತ್‌ರೂಮ್ ನೆಲ ಒಡೆಯಬೇಕೇ?

ತೇವದ_ಜಾಡು:

2 ಮಿ.ಮೀ. ಆವಿಯಾಗಿ ಹೋಗಿದ್ದಿರಬಹುದು. ನೆಲ ನೀರು ಹಿಡಿದಿದೆ, ಒತ್ತಡದ ಪೈಪೂ ಸೋರುತ್ತಿಲ್ಲ. ಉಳಿದದ್ದು ಎರಡು: ಟ್ರ್ಯಾಪಿನ ಕುತ್ತಿಗೆ ಮತ್ತು ಅದರಿಂದ ಹೊರಹೋಗುವ ಪೈಪಿನ ಜಾಯಿಂಟು, ಇಲ್ಲವೇ ಷವರ್ ನೀರು ಬೀಳುವ ಗೋಡೆಯ ಗ್ರೌಟ್ (ಟೈಲ್ ಸಂದಿಗೆ ತುಂಬಿದ ಗಾರೆ). ಒಂದು ವಾರ ಬಾತ್‌ರೂಮ್ ಒಣಗಲು ಬಿಡಿ. ಒಂದು ದಿನ ನಾಲ್ಕೈದು ಬಕೆಟ್ ನೀರನ್ನು ನೆಲಕ್ಕೆ ತಾಗದಂತೆ ನೇರ ಟ್ರ್ಯಾಪಿನೊಳಗೆ ಸುರಿಯಿರಿ, ಎರಡು ದಿನ ಗೋಡೆ ಗಮನಿಸಿ. ಆಮೇಲೆ ಷವರನ್ನು ಗೋಡೆಗೇ ಹಿಡಿದು 20 ನಿಮಿಷ ಬಿಡಿ, ಮತ್ತೆ ಗಮನಿಸಿ. ಯಾವುದಕ್ಕೆ ಗೋಡೆ ಒದ್ದೆಯಾಗುತ್ತದೋ ಅದೇ ಕಳ್ಳ.

ಟ್ರ್ಯಾಪ್ ಆದರೆ ಅದರ ಸುತ್ತ ಎರಡಡಿ ಚದರ ಮಾತ್ರ ಒಡೆಸಿ. ಹೊಸ ಟ್ರ್ಯಾಪ್ ಕೂರಿಸಿ ಸುತ್ತ ಕುಗ್ಗದ ಗ್ರೌಟ್ ತುಂಬಿಸಿ. ವಾಟರ್‌ಪ್ರೂಫ್ ಲೇಪ ಎರಡು ಕೋಟ್, ಎರಡನೆಯದು ಮೊದಲನೆಯದಕ್ಕೆ ಅಡ್ಡವಾಗಿ, ಟ್ರ್ಯಾಪಿನ ಬಾಯಿಯೊಳಗೂ ಇಳಿಯಬೇಕು. ಅಕ್ಕಪಕ್ಕದ ಹಳೆ ಲೇಪದ ಮೇಲೂ ನಾಲ್ಕು ಬೆರಳು ಹತ್ತಬೇಕು. ಇಳಿಜಾರು ಮೀಟರಿಗೆ 10ರಿಂದ 15 ಮಿ.ಮೀ. ಟೈಲ್ ಹಾಕುವ ಮೊದಲು ಮತ್ತೆ 48 ಗಂಟೆ ನೀರು ನಿಲ್ಲಿಸಿ. ಗ್ರೌಟ್ ಆದರೆ ಇನ್ನೂ ಸುಲಭ: ಸಂದಿ ಕೆರೆದು ಎಪಾಕ್ಸಿ ಗ್ರೌಟ್, ಮೂಲೆಗಳಿಗೆ ಗ್ರೌಟ್ ಬದಲು ಸಿಲಿಕೋನ್. ಬೆಡ್‌ರೂಮ್ ಕಡೆ ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ ಪ್ಲಾಸ್ಟರ್ ಕೆಡವಿ, ಇಟ್ಟಿಗೆಯನ್ನು ಕೆಲವು ವಾರ ಆರಲು ಬಿಡಿ. ಉಪ್ಪನ್ನು ಒಣ ಬ್ರಷ್ಷಿನಿಂದ ತೆಗೆಯಿರಿ, ತೊಳೆದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಹೊಸ ಪ್ಲಾಸ್ಟರಿಗೆ 28 ದಿನ ಆಗುವವರೆಗೆ ಬಣ್ಣ ಬೇಡ.

ಜಿಐ ಪೈಪನ್ನಂತೂ ಬದಲಿಸಲೇಬೇಕು, ಸಿಪಿವಿಸಿ (ಬಿಸಿ ನೀರು ತಡೆಯುವ ಪ್ಲಾಸ್ಟಿಕ್ ಪೈಪು) ಗೋಡೆಯೊಳಗೆ ಹಾಕಿಸಿ.

ಫೇಸ್_ನ್ಯೂಟ್ರಲ್:

ಗೋಡೆಯೊಳಗೆ ಏಕೆ? ಬಾಡಿಗೆ ಮನೆ, ದುಡ್ಡು ಕಡಿಮೆ, ಟೈಲ್ಸ್ ಗಟ್ಟಿಯಾಗಿವೆ. ಹೊರಗೋಡೆಯ ಮೇಲೆ ಮುಖ್ಯ ಪೈಪು ತಂದು, ನಲ್ಲಿ ಇರುವಲ್ಲಿ ಮಾತ್ರ ತೂತು ಕೊರೆದು ಒಳಗೆ ತನ್ನಿ. ಮುಂದೆ ಸೋರಿದರೆ ಕಣ್ಣಿಗೆ ಕಾಣುತ್ತದೆ.

ತೇವದ_ಜಾಡು:

ಒಪ್ಪಿದೆ, ಈ ಮನೆಗೆ ಅದೇ ಸರಿ. ಬಿಸಿಲು ಬೀಳುವ ಕಡೆ ಪೈಪಿಗೆ ಹೊದಿಕೆ ಇಲ್ಲವೇ ಬಣ್ಣ ಬೇಕು, ಬಿಸಿಲಿಗೆ ಸಿಪಿವಿಸಿ ಪೆಡಸಾಗುತ್ತದೆ. ನಲ್ಲಿ ಕೂರುವ ಕಡೆ ಹಿತ್ತಾಳೆ ದಾರದ ಎಲ್ಬೋ ಹಾಕಿಸಿ, ಪ್ಲಾಸ್ಟಿಕ್ ದಾರ ಬಿಗಿ ಮಾಡುವಾಗಲೇ ಸೀಳುತ್ತದೆ. ಸಿಪಿವಿಸಿಗೆ ಅದರದ್ದೇ ಸಾಲ್ವೆಂಟ್, ಪಿವಿಸಿ ಗಮ್ಮು ಬಳಸಿದರೆ ಬಿಸಿ ನೀರಿಗೆ ಜಾಯಿಂಟ್ ಬಿಡುತ್ತದೆ. ಗೀಸರಿಗೂ ಅದರ ಸೇಫ್ಟಿ ವಾಲ್ವಿಗೂ ನಡುವೆ ಬೇರೆ ವಾಲ್ವ್ ಇರಕೂಡದು.

ಲೆಕ್ಕದ_ಪುಸ್ತಕ:

ಕೆಲಸ ಶುರುವಾಗುವ ಮೊದಲು ಮೂವರೂ ಒಂದು ಹಾಳೆಗೆ ಸಹಿ ಹಾಕಿ: ಯಾರು ಎಷ್ಟು ಹಾಕುತ್ತಾರೆ, ಹೆಚ್ಚು ಹಾಕಿದವರಿಗೆ ಬಾಡಿಗೆಯಿಂದ ಮೊದಲು ಹಿಂತಿರುಗುತ್ತದೆಯೇ, ಇಷ್ಟು ಮೊತ್ತದ ಮೇಲಿನ ಖರ್ಚಿಗೆ ಯಾರನ್ನು ಕೇಳಬೇಕು. ಬಿಲ್ಲುಗಳು ಒಂದೇ ಕಡೆ ಇರಲಿ. ಕಟ್ಟಡದ ಸಂಘಕ್ಕೆ ಬಾತ್‌ರೂಮ್ ಒಡೆಯುವ ವಿಷಯ ಬರಹದಲ್ಲಿ ತಿಳಿಸಿ.

ಒಟ್ಟು ಮೊತ್ತದಲ್ಲಿ ಶೇ. 15 ತೆಗೆದಿಡಿ. ಹಳೆ ಕಟ್ಟಡದಲ್ಲಿ ಪ್ಲಾಸ್ಟರ್ ತೆಗೆದ ಮೇಲೇ ನಿಜ ಗೊತ್ತಾಗುವುದು. ಉಳಿದದ್ದರಲ್ಲಿ ನೀರು, ಕಂಬಿ, ವಿದ್ಯುತ್ತಿಗೆ ಮೊದಲ ಪಾಲು. ಆಮೇಲೆ ನೆಲ, ಬಣ್ಣ. ಅಡುಗೆಮನೆಗೆ ಮಿಕ್ಕಿದ್ದು. ಒಂದು ಖರ್ಚು ಮಾಡಲೋ ಬೇಡವೋ ಎಂದು ತೂಗುವಾಗ, ಅದರಿಂದ ತಿಂಗಳಿಗೆ ಎಷ್ಟು ಬಾಡಿಗೆ ಹೆಚ್ಚುತ್ತದೆ ನೋಡಿ ಭಾಗಿಸಿ. 36 ತಿಂಗಳು ಮೀರಿದರೆ ನಾನಾದರೆ ಬಿಡುತ್ತೇನೆ. ಸೋರಿಕೆಗೂ ವೈರಿಂಗಿಗೂ ಈ ಲೆಕ್ಕ ಅನ್ವಯಿಸದು.

ಗುತ್ತಿಗೆದಾರರಿಗೆ ಹಣವನ್ನು ಹಂತಕ್ಕೆ ಕಟ್ಟಿ ಕೊಡಿ: ಟ್ರ್ಯಾಪ್ ಕೂತು ನೀರು ನಿಲ್ಲಿಸಿದ ಪರೀಕ್ಷೆ ಪಾಸಾದ ಮೇಲೆ ಒಂದು ಕಂತು, ಮೆಗ್ಗರ್ ರೀಡಿಂಗ್ ಬರೆದುಕೊಟ್ಟ ಮೇಲೆ ಇನ್ನೊಂದು, ಪಾಲಿಶ್ ಮುಗಿದು ಟ್ರ್ಯಾಪಿನಲ್ಲಿ ನೀರು ಸರಾಗ ಇಳಿಯುವುದನ್ನು ನೋಡಿದ ಮೇಲೆ ಕೊನೆಯದು. ಗೋಡೆ ಮುಚ್ಚುವ ಮುನ್ನ ಪ್ರತಿ ಪೈಪು, ವೈರಿನ ಪಕ್ಕ ಅಳತೆ ಟೇಪ್ ಹಿಡಿದು ಫೋಟೊ ತೆಗೆಯಿರಿ. ಬಾಡಿಗೆದಾರರು ಕರ್ಟನ್ ರಾಡಿಗೆ ತೂತು ಎಲ್ಲಿ ಕೊರೆಯಬಾರದು ಎಂದು ಕೇಳಿದಾಗ ಆ ಫೋಟೊಗಳನ್ನೇ ಕಳಿಸಬಹುದು.