ಸ್ವಿಫ್ಟ್ ಪೆಟ್ರೋಲ್: ಪೂರ್ತಿ ಪಿಕಪ್ ಬೇಕಂದ್ರೆ ಗೇರ್ ಎಷ್ಟು ಆರ್‌ಪಿಎಂಗೆ ಬದಲಿಸಬೇಕು?

ಘಾಟಿದಾರಿ:
2019ರ ಸ್ವಿಫ್ಟ್, 1.2 ಪೆಟ್ರೋಲ್, ಮ್ಯಾನುಯಲ್. 4200 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) 113 ಎನ್‌ಎಂ ಟಾರ್ಕ್ (ತಿರುಗಿಸೋ ಬಲ), 6000ಕ್ಕೆ 83 ಪಿಎಸ್ ಪವರ್. ಚಾರ್ಮಾಡಿ ಏರುವಾಗ ಐದು ಜನ ಇದ್ರೆ ಲಾರಿ ಓವರ್‌ಟೇಕ್ ಮಾಡೋಕೆ ಒದ್ದಾಡುತ್ತೆ. ಟಾರ್ಕ್ ಇಳಿಯೋ ಮೊದಲೇ, 4200ಕ್ಕೇ ಎರಡರಿಂದ ಮೂರಕ್ಕೆ ಹಾಕೋದು ಸರೀನಾ?

ಕ್ಲಚ್‌ಪ್ಲೇಟ್:
ಬೇಡ ಸರ್, 6000 ತನಕ ಎಳೀರಿ. ಚಕ್ರಕ್ಕೆ ಸಿಗೋದು ಎಂಜಿನ್ ಟಾರ್ಕನ್ನ ಗೇರ್ ಅನುಪಾತದಿಂದ ಗುಣಿಸಿದಷ್ಟು. ಎರಡನೇ ಗೇರ್ ಸುಮಾರು 1.9, ಮೂರನೇದು 1.28. 4200ರಲ್ಲಿ 113×1.9, ಅಂದ್ರೆ 215. ಅಲ್ಲೇ ಮೂರಕ್ಕೆ ಹಾಕಿದ್ರೆ ಆರ್‌ಪಿಎಂ ಸೂಜಿ 2830ಕ್ಕೆ ಬೀಳುತ್ತೆ. ಅಲ್ಲೂ ಪೂರ್ತಿ 113 ಸಿಕ್ತು ಅಂತಲೇ ಹಿಡಿಯಿರಿ, ಆದ್ರೂ 145 ದಾಟಲ್ಲ.

6000ದಲ್ಲಿ 83 ಪಿಎಸ್ ಅಂದ್ರೆ ಟಾರ್ಕ್ 97 ಎನ್‌ಎಂ. ಎರಡನೇ ಗೇರ್‌ನಲ್ಲಿ 184. ಟಾರ್ಕ್ ಇಳಿದಿದ್ರೂ ಮೂರನೇದಕ್ಕಿಂತ ಜಾಸ್ತೀನೇ! ಎರಡೂ ಗೇರ್‌ನ ಲೆಕ್ಕ ಸಮ ಆಗೋ ಕಡೆ ಬದಲಿಸಬೇಕು. ಈ ಎಂಜಿನ್‌ನಲ್ಲಿ ಅದಕ್ಕೂ ಮುಂಚೆ ಲಿಮಿಟರ್ (ಆರ್‌ಪಿಎಂ ಮಿತಿ ದಾಟದಂತೆ ಪೆಟ್ರೋಲ್ ನಿಲ್ಲಿಸೋ ವ್ಯವಸ್ಥೆ) ಬಂದುಬಿಡುತ್ತೆ.

ಟರ್ಬೊಭಟ್ಟ:
ಡೀಸೆಲ್‌ನವರು ಇದನ್ನ ಹಾಗೇ ಅನುಸರಿಸಬೇಡಿ. ಹಳೆ 1.3 ಡೀಸೆಲ್‌ಗೆ 75 ಪಿಎಸ್ ಬರೋದು 4000ಕ್ಕೆ, ಆಮೇಲೆ ಸದ್ದು ಮಾತ್ರ. 4000 ದಾಟ್ತಿದ್ದಂತೆ ಬದಲಿಸಿ. ಒಂದರಿಂದ ಎರಡಕ್ಕೆ ಹೋದ್ರೂ 2100ರ ಮೇಲೇ ನಿಲ್ಲುತ್ತೆ, ಟರ್ಬೊ ಎಳೀತಿರುತ್ತೆ.

ವಾಲ್ವ್‌ಸೆಟ್ಟಿಂಗ್:
ಘಾಟಿಯಲ್ಲಿ ಓವರ್‌ಟೇಕ್‌ಗೆ ಹೊರಡೋ ಮುಂಚೆಯೇ ಎರಡಕ್ಕೆ ಇಳಿಸಿ, ಅರ್ಧದಾರೀಲಿ ಬೇಡ. ಮೂರರಲ್ಲಿ 4000 ಇದ್ರೆ ಎರಡರಲ್ಲಿ 5900 ಆಗುತ್ತೆ, ಅದೇ ಮಿತಿ. ಅವಸರದಲ್ಲಿ ಕೈತಪ್ಪಿ ಒಂದಕ್ಕೆ ಹೋಗಿ ಕ್ಲಚ್ ಬಿಟ್ರೆ ಎಂಜಿನ್ 10,000 ದಾಟಿ ತಿರುಗುತ್ತೆ. ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಚಕ್ರ ತಿರುಗಿಸೋದನ್ನ ತಡೆಯೋಕಾಗಲ್ಲ. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ 3000 ದಾಟಿಸಬೇಡಿ. ಆಯಿಲ್ ಬಿಸಿಯಾಗಲಿ.

ಘಾಟಿದಾರಿ:
ಮೈಲೇಜ್‌ಗೆ?

ಕ್ಲಚ್‌ಪ್ಲೇಟ್:
ಸಮತಟ್ಟು ರಸ್ತೇಲಿ 2000–2500ಕ್ಕೆ ಬದಲಿಸಿ. ಆದ್ರೆ ಏರಿನಲ್ಲಿ 1500ರ ಕೆಳಗೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಪಿಸ್ಟನ್ ನಿಧಾನ, ಒತ್ತಡ ಜಾಸ್ತಿ. ಇನ್ನೂ ಉರಿಯದೆ ಉಳಿದ ಪೆಟ್ರೋಲ್-ಗಾಳಿ ಮಿಶ್ರಣ ತಾನಾಗೇ ಹೊತ್ತಿಕೊಂಡು ಕಟಕಟ ಬಡಿಯುತ್ತೆ. ಆ ಸದ್ದು ಕೇಳಿದ್ರೆ ಕಾಲು ಸಡಿಲಿಸಿ, ಒಂದು ಗೇರ್ ಇಳಿಸಿ.